ಪುಟ್ ಆಫ್, ಕಾಲ್ ಆಫ್, ಗೆಟ್ ಆಫ್: ಇಂಗ್ಲಿಷಿನ ಈ ಬಾಲಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಇಂಗ್ಲಿಷ್ ಕ್ಲಾಸಿಗೆ ಏಳೆಂಟು ಜನ ಸೇರುತ್ತಾರೆ. ಹೋಟೆಲಿನ ಗಲ್ಲಾದಲ್ಲಿ ಕೂರುವವರು, ಆಸ್ಪತ್ರೆಯ ನರ್ಸ್ ಒಬ್ಬರು, ಮದುವೆಯಾಗಿ ಉಡುಪಿ ಕಡೆಯಿಂದ ಬಂದವರು, ಐರೋಲಿಯ ಐಟಿ ಆಫೀಸಿಗೆ ಹೋಗುವ ಇಬ್ಬರು ಹುಡುಗರು. ಇಂಗ್ಲಿಷ್ ಯಾರಿಗೂ ಹೊಸದಲ್ಲ. ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಮಾರ್ಕೆಟ್ಟಿನಲ್ಲಿ ಮರಾಠಿ, ಟ್ರೇನಿನಲ್ಲಿ ಹಿಂದಿ ಅಂತ ಬದುಕುವವರಿಗೆ ಇನ್ನೊಂದು ಭಾಷೆ ದೊಡ್ಡ ವಿಷಯವೂ ಅಲ್ಲ. ಆದರೆ ಅಪ್, ಆಫ್, ಔಟ್, ಇನ್ ಅನ್ನುವ ಈ ಪುಟಾಣಿ ಬಾಲಗಳು ಬಂದ ಕೂಡಲೇ ಎಲ್ಲರೂ ಒಂದು ಕ್ಷಣ ತಡವರಿಸುತ್ತಾರೆ. ಅಲ್ಲಿ ಮತ್ತೆ ಮತ್ತೆ ಎದ್ದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ಕ್ರಮ ಅಂತೇನಿಲ್ಲ, ನಿಮಗೆ ಬೇಕಾದ್ದು ಓದಿಕೊಳ್ಳಿ.

ಫ್ರೇಸಲ್ ವರ್ಬ್ ಅಂದ್ರೆ ಏನು? ಈ ಪೀಡೆ ಇಂಗ್ಲಿಷಿಗೆ ಮಾತ್ರಾನಾ?

ಒಂದು ಕ್ರಿಯಾಪದ, ಅದರ ಹಿಂದೆ ಒಂದು ಚಿಕ್ಕ ಪದ, ಎರಡೂ ಸೇರಿ ಬೇರೆಯದೇ ಅರ್ಥ. 'ಗಿವ್' ಅಂದರೆ ಕೊಡು, 'ಅಪ್' ಅಂದರೆ ಮೇಲೆ. 'ಗಿವ್ ಅಪ್' ಅಂದರೆ ಮೇಲೆ ಕೊಡುವುದಲ್ಲ, ಕೈಬಿಡುವುದು.

ಈಗ ಆ 'ಕೈಬಿಡು' ಅನ್ನುವುದನ್ನೇ ನೋಡಿ. ಕೈಬಿಟ್ಟ, ಕೈಕೊಟ್ಟ, ಕೈಹಾಕಿದ, ಕೈಹಿಡಿದ, ಕೈಮಾಡಿದ. ಕೈ ಒಂದೇ, ಅರ್ಥ ಐದು. ನಮ್ಮ ಮಹಡಿಯಲ್ಲಿ ಕನ್ನಡ ಕಲಿಯಲು ಹೊರಟ ಮರಾಠಿಯವರೊಬ್ಬರಿದ್ದಾರೆ. ಯಾರೋ 'ನನ್ನ ಪಾರ್ಟ್ನರ್ ಕೈಕೊಟ್ಟ' ಅಂದದ್ದನ್ನು ಕೇಳಿ, ಶೇಕ್‌ಹ್ಯಾಂಡ್ ಮಾಡಿದ ಅಂದುಕೊಂಡು ಅಭಿನಂದನೆ ಹೇಳಿಬಿಟ್ಟರು. ಕನ್ನಡದ 'ಕೈ' ಅವರಿಗೆ ಹೇಗೋ, ಇಂಗ್ಲಿಷಿನ 'ಅಪ್' ನಮಗೆ ಹಾಗೆ. ಅಂದ ಹಾಗೆ, ಆ ಕೈಕೊಡುವುದಕ್ಕೆ ಇಂಗ್ಲಿಷಿನಲ್ಲಿ 'ಲೆಟ್ ಡೌನ್'. ದೊಡ್ಡ ಕೆಲಸಕ್ಕೆ ಕೈಹಾಕುವುದು 'ಟೇಕ್ ಆನ್'.

ಕಷ್ಟವಾಗುತ್ತದೆ ಅಂತ ನಾಚಿಕೆ ಬೇಡ. ಸ್ಯಾಮ್ಯುಯಲ್ ಜಾನ್ಸನ್ 1755ರ ತನ್ನ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲೇ, ಹೊರಗಿನವರಿಗೆ ಅತಿ ಹೆಚ್ಚು ಕಷ್ಟ ಕೊಡುವುದು ಈ ಜೋಡಣೆಗಳೇ ಅಂತ ಬರೆದಿದ್ದಾನೆ.

ಟ್ರೇನಿಗೆ 'ಗೆಟ್ ಇನ್' ಅನ್ನಬೇಕಾ, 'ಗೆಟ್ ಆನ್' ಅನ್ನಬೇಕಾ? ಇಳಿಯೋಕೆ 'ಗೆಟ್ ಡೌನ್' ತಪ್ಪಾ?

ಮುಂಬೈಯಲ್ಲಿ ಇದೇ ಮೊದಲ ಪ್ರಶ್ನೆ, ಸಹಜವೇ. ನಾವು ಕನ್ನಡದಲ್ಲಿ ಎಲ್ಲವನ್ನೂ 'ಹತ್ತು'ತ್ತೇವೆ. ಬಸ್, ರಿಕ್ಷಾ, ಕಾರು, ವಿಮಾನ, ಎಲ್ಲಕ್ಕೂ ಹತ್ತು ಮತ್ತು ಇಳಿ. ಇಂಗ್ಲಿಷಿನವರು ಗಾಡಿ ನೋಡಿ ಪದ ಬದಲಿಸುತ್ತಾರೆ.

ನಾನು ಹೇಳಿಕೊಡುವ ಗುರುತು ಇದು. ಒಳಗೆ ಹೋಗಿ ಎದ್ದು ನಿಲ್ಲಬಹುದು, ನಡೆಯಬಹುದು ಅಂತಿದ್ದರೆ 'ಆನ್': ಬಸ್, ಟ್ರೇನ್, ವಿಮಾನ, ಹಡಗು. ತಲೆ ಬಗ್ಗಿಸಿ ಒಳಗೆ ತೂರಿ ಕೂರಬೇಕು ಅಂದರೆ 'ಇನ್': ಕಾರು, ಟ್ಯಾಕ್ಸಿ, ರಿಕ್ಷಾ. ಬೈಕು, ಸೈಕಲ್ಲಿಗೆ ಒಳಗೇ ಇಲ್ಲ, ಮೇಲೆ ಕೂರುತ್ತೇವೆ, ಹಾಗಾಗಿ ಅಲ್ಲೂ 'ಆನ್'. ಇಳಿಯುವಾಗ ಹತ್ತಿದ್ದಕ್ಕೆ ತಕ್ಕಂತೆ: 'ಆನ್' ಆಗಿದ್ದರೆ 'ಗೆಟ್ ಆಫ್', 'ಇನ್' ಆಗಿದ್ದರೆ 'ಗೆಟ್ ಔಟ್ ಆಫ್' (ಮೊದಲಿನ ಆಫ್ off, ಇದು of). ಅಂದರೆ ದಾದರಿನಲ್ಲಿ ಟ್ರೇನಿಂದ 'ಗೆಟ್ ಆಫ್', ಹೊರಗೆ ಬಂದು ಟ್ಯಾಕ್ಸಿಗೆ 'ಗೆಟ್ ಇನ್', ಮಾಟುಂಗಾದಲ್ಲಿ ಟ್ಯಾಕ್ಸಿಯಿಂದ 'ಗೆಟ್ ಔಟ್'.

ಬೆಳಿಗ್ಗೆ ವಿರಾರ್ ಫಾಸ್ಟ್ ಲೋಕಲ್ ಟ್ರೇನ್ ಹತ್ತಲು ಹೋಗಿ ಆಗದೆ ಪ್ಲಾಟ್‌ಫಾರ್ಮಿನಲ್ಲೇ ಉಳಿದವರು 'ಐ ಕುಡ್ ನಾಟ್ ಗೆಟ್ ಇನ್' ಅಂದರೆ ಅದೂ ಸರಿಯೇ. ಅಲ್ಲಿ ಮಾತು ಪ್ರಯಾಣದ್ದಲ್ಲ, ಆ ಬಾಗಿಲಿನ ಒಳಗೆ ಮೈ ತೂರಿಸುವುದರದ್ದು. ಇನ್ನೊಂದು 'ಗೆಟ್ ಇನ್' ಇದೆ, ಅದು ಟ್ರೇನೇ ಬಂದು ತಲುಪುವುದು. ಊರಿಂದ ಅಮ್ಮ ಬರುವ ಮತ್ಸ್ಯಗಂಧ ಎಷ್ಟಕ್ಕೆ ಕುರ್ಲಾಗೆ ಬರುತ್ತದೆ ಅಂತ ಕೇಳಲು 'ವಾಟ್ ಟೈಮ್ ಡಸ್ ಇಟ್ ಗೆಟ್ ಇನ್' ಅಂದರೆ ಸಾಕು.

'ಗೆಟ್ ಡೌನ್' ವಿಷಯ. ನಮ್ಮ ದೇಶದಲ್ಲಿ ಎಲ್ಲರೂ ಅನ್ನುತ್ತಾರೆ, ಎಲ್ಲರಿಗೂ ಅರ್ಥವಾಗುತ್ತದೆ, ನಾನಂತೂ ಅದನ್ನು ತಪ್ಪು ಅನ್ನಲು ಹೋಗುವುದಿಲ್ಲ. ಬಾಗಿಲ ಹತ್ತಿರ ಬಂದು 'ಉತರ್ನಾ ಹೈ ಕ್ಯಾ' (ಇಳಿಯೋದಿದೆಯಾ) ಅಂತ ಕೇಳಿ ಕೇಳಿ ನಮ್ಮ ತಲೆಯಲ್ಲಿ ಅದೇ ಕೂತಿದೆ. ಆದರೆ ಲಂಡನ್ನಿನಲ್ಲೋ ಅಮೆರಿಕದಲ್ಲೋ 'ಗೆಟ್ ಡೌನ್' ಅಂತ ಜೋರಾಗಿ ಹೇಳಿದರೆ ಜನ ತಲೆ ತಗ್ಗಿಸಿ ನೆಲಕ್ಕೆ ಬಗ್ಗಿಯಾರು. ಏಣಿಯಿಂದ, ಮರದಿಂದ, ಮೇಜಿನ ಮೇಲಿಂದ ಇಳಿಯುವುದಕ್ಕೆ ಅದು ಸರಿ. ವಿದೇಶಿ ಕಸ್ಟಮರ್ ಜೊತೆ ಮಾತಾಡುವವರು 'ಗೆಟ್ ಆಫ್' ರೂಢಿ ಮಾಡಿಕೊಳ್ಳಿ.

'ಪುಟ್ ಆಫ್' ಮತ್ತು 'ಕಾಲ್ ಆಫ್' ಎರಡೂ ಒಂದೇ ಅಲ್ವಾ?

ಅಲ್ಲ. ಇದನ್ನು ನಾನು ಅನುಭವಿಸಿ ಕಲಿತಿದ್ದೇನೆ.

ಇಪ್ಪತ್ತೆರಡರ ವಯಸ್ಸಿನಲ್ಲಿ ಒಂದು ಕೇಟರಿಂಗ್ ಆಫೀಸಿನಲ್ಲಿ ಆರ್ಡರ್ ಬರೆದುಕೊಳ್ಳುವ ಕೆಲಸ ನನ್ನದು. ಕೆಂಪು ರಟ್ಟಿನ ಉದ್ದದ ಪುಸ್ತಕ, ತಾರೀಕು ಒಂದು ಕಡೆ, ಎಲೆ ಲೆಕ್ಕ ಇನ್ನೊಂದು ಕಡೆ. ಒಂದು ಮದುವೆಗೆ ಮುನ್ನೂರು ಎಲೆಯ ಆರ್ಡರ್ ಇತ್ತು. ಹುಡುಗಿಯ ತಂದೆ ಫೋನ್ ಮಾಡಿ 'ದ ವೆಡ್ಡಿಂಗ್ ಈಸ್ ಕಾಲ್ಡ್ ಆಫ್' ಅಂದರು. ನಾನು ಮುಂದಕ್ಕೆ ಹೋಗಿದೆ ಅಂದುಕೊಂಡೆ. ತುಂಬ ಉತ್ಸಾಹದಿಂದ 'ನೋ ಪ್ರಾಬ್ಲಮ್ ಸರ್, ಹೊಸ ಡೇಟ್ ಹೇಳಿ, ಬರ್ಕೊಳ್ತೇನೆ' ಅಂದೆ. ಆ ಕಡೆಯಿಂದ ಮಾತೇ ಇಲ್ಲ. ನಾನು ಲೈನ್ ಸರಿಯಿಲ್ಲ ಅಂತ ಇನ್ನೊಮ್ಮೆ, ಇನ್ನೂ ಜೋರಾಗಿ ಕೇಳಿದೆ. ಪಕ್ಕದಲ್ಲಿದ್ದ ಮ್ಯಾನೇಜರ್ ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡರು. ಮದುವೆ ಮುರಿದುಬಿದ್ದಿತ್ತು.

'ಪುಟ್ ಆಫ್' ಅಂದರೆ ಮುಂದಕ್ಕೆ ಹಾಕುವುದು, ಇವತ್ತಲ್ಲದಿದ್ದರೆ ಇನ್ನೊಂದು ದಿನ ನಡೆಯುತ್ತದೆ. 'ಕಾಲ್ ಆಫ್' ಅಂದರೆ ರದ್ದು, ಇನ್ನಿಲ್ಲ. ಮಳೆಯಿಂದ ಮ್ಯಾಚ್ ಕಾಲ್ಡ್ ಆಫ್ ಅಂದರೆ ಮನೆಗೆ ಹೋಗಿ. ಮೀಟಿಂಗ್ ಪುಟ್ ಆಫ್ ಅಂದರೆ ಫೈಲ್ ಹಾಗೇ ಇಟ್ಟುಕೊಳ್ಳಿ.

ಮೊದಲೇ ಮಾಡುವುದಕ್ಕೆ ನಾವು 'ಪ್ರಿಪೋನ್' ಅನ್ನುತ್ತೇವೆ. ಚೆನ್ನಾಗಿರುವ ಪದ, ನನಗಿಷ್ಟ. ಆದರೆ ಇಂಗ್ಲೆಂಡಿನವರ ಬಾಯಲ್ಲಿ ಅದು 'ಬ್ರಿಂಗ್ ಫಾರ್ವರ್ಡ್'. ಇಲ್ಲೊಂದು ಗುಂಡಿ ಇದೆ, ನೋಡಿಕೊಳ್ಳಿ. 'ಫಾರ್ವರ್ಡ್' ಅಂದರೆ ಮುಂದೆ, ನಮಗೆ ಮುಂದಕ್ಕೆ ಹಾಕುವುದು ಅಂದರೆ ತಡ ಮಾಡುವುದು. ಅವರಿಗೆ ಉಲ್ಟಾ. ಹತ್ತನೇ ತಾರೀಕಿನದನ್ನು 'ಬ್ರಿಂಗ್ ಫಾರ್ವರ್ಡ್' ಮಾಡಿದರೆ ಎಂಟಕ್ಕೆ ಬರುತ್ತದೆ, ಹನ್ನೆರಡಕ್ಕಲ್ಲ.

'ಲುಕ್' ಜೊತೆ ಎಷ್ಟು ಬಾಲ ಇದೆ ಮಾರಾಯ್ರೇ?

ತುಂಬ ಇದೆ. ದಿನಕ್ಕೆ ಬೇಕಾಗುವುದು ಐದಾರು. ಮೊದಲನೆಯದು ನಮ್ಮ ಭಾಷೆಯಲ್ಲೇ ಹಾಗೇ ಇದೆ: ನೋಡು, ನೋಡಿಕೊ. 'ಲುಕ್ ಅಟ್ ದ ಬೇಬಿ' ಅಂದರೆ ಮಗುವನ್ನು ನೋಡು, 'ಲುಕ್ ಆಫ್ಟರ್ ದ ಬೇಬಿ' ಅಂದರೆ ಮಗುವನ್ನು ನೋಡಿಕೊ. ನಾವು 'ಕೊ' ಸೇರಿಸಿದೆವು, ಅವರು 'ಆಫ್ಟರ್' ಸೇರಿಸಿದರು.

'ಲುಕ್ ಫಾರ್' ಹುಡುಕುವುದು. ಸಿಕ್ಕ ಮೇಲೆ 'ಫೈಂಡ್'. ಕಲ್ಯಾಣ ಕಡೆ ಬಾಡಿಗೆ ಮನೆ ಹುಡುಕುತ್ತಿದ್ದೇನೆ ಅನ್ನಲು 'ಐ ಆಮ್ ಫೈಂಡಿಂಗ್ ಎ ಫ್ಲ್ಯಾಟ್' ಅಂತ ಹೇಳುವವರು ಜಾಸ್ತಿ. ಅಲ್ಲಿ 'ಲುಕಿಂಗ್ ಫಾರ್' ಬರಬೇಕು. 'ಲುಕ್ ಅಪ್' ಕೂಡ ಹುಡುಕುವುದೇ, ಆದರೆ ಡಿಕ್ಷನರಿಯಲ್ಲಿ, ಟೈಮ್‌ಟೇಬಲ್ಲಿನಲ್ಲಿ, ಗೂಗಲ್‌ನಲ್ಲಿ. ಕಳೆದುಹೋದ ಬೀಗದ ಕೈಯನ್ನು 'ಲುಕ್ ಅಪ್' ಮಾಡಲಾಗದು. 'ಲುಕ್ ಇಂಟು' ಅಂದರೆ ವಿಚಾರಿಸಿ ತಿಳಿಯುವುದು. ಸೊಸೈಟಿಯ ಸೆಕ್ರೆಟರಿ ನೀರಿನ ಬಗ್ಗೆ 'ವಿ ವಿಲ್ ಲುಕ್ ಇಂಟು ಇಟ್' ಅಂದರೆ ವಿಚಾರಿಸುತ್ತೇವೆ ಅಂತ ಅರ್ಥ, ನಿಜಕ್ಕೂ ವಿಚಾರಿಸುತ್ತಾರೆ ಅಂತ ಅಲ್ಲ.

'ಲುಕ್ ಫಾರ್ವರ್ಡ್ ಟು' ಅಂದರೆ ಖುಷಿಯಿಂದ ಕಾಯುವುದು. ಇದರ ಹಿಂದೆ 'ಮೀಟ್' ಅಲ್ಲ, 'ಮೀಟಿಂಗ್' ಬರಬೇಕು: 'ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು'. ಮೇಲ್ ಬರೆಯುವ ಹತ್ತರಲ್ಲಿ ಎಂಟು ಜನ ಇಲ್ಲಿ ಜಾರುತ್ತಾರೆ ಅಂತ ನನ್ನ ಅಂದಾಜು, ನಾನೂ ಬಹಳ ವರ್ಷ ಜಾರಿದ್ದೇನೆ. ಆ 'ಟು' ಇಲ್ಲಿ 'ಗೆ' ಅಥವಾ 'ಕ್ಕೆ' ಇದ್ದ ಹಾಗೆ, ಭೇಟಿಗೆ ಕಾಯುತ್ತಿದ್ದೇನೆ ಅಂತ ಮನಸ್ಸಿನಲ್ಲಿ ಅಂದುಕೊಳ್ಳಿ, ಆಗ 'ಮೀಟಿಂಗ್' ತಾನಾಗಿ ಬರುತ್ತದೆ.

'ಟರ್ನ್ ಆಫ್ ಇಟ್' ಅಂದರೆ ಯಾಕೆ ನಗುತ್ತಾರೆ?

'ಟರ್ನ್ ಆಫ್ ದ ಫ್ಯಾನ್' ಸರಿ, 'ಟರ್ನ್ ದ ಫ್ಯಾನ್ ಆಫ್' ಕೂಡ ಸರಿ. ಆದರೆ ಫ್ಯಾನಿನ ಜಾಗಕ್ಕೆ 'ಇಟ್' ಬಂದರೆ ಅದು ನಡುವೆಯೇ ಕೂರಬೇಕು: 'ಟರ್ನ್ ಇಟ್ ಆಫ್'. 'ಪಿಕ್ ಹಿಮ್ ಅಪ್', 'ಕಾಲ್ ಇಟ್ ಆಫ್', 'ಫಿಲ್ ಇಟ್ ಇನ್', ಎಲ್ಲ ಹೀಗೇ.

ಕೆಲವು ಜೋಡಿಗಳು ಮಾತ್ರ ನಡುವೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. 'ಲುಕ್ ಆಫ್ಟರ್ ಹಿಮ್' ಅನ್ನಬೇಕು, 'ಲುಕ್ ಹಿಮ್ ಆಫ್ಟರ್' ಅಂತಿಲ್ಲ. ಮೂರು ಪದದವು, ಅಂದರೆ 'ಪುಟ್ ಅಪ್ ವಿತ್', 'ರನ್ ಔಟ್ ಆಫ್' ತರದವು, ಸಾಮಾನ್ಯವಾಗಿ ಒಡೆಯುವುದಿಲ್ಲ. ಯಾವುದು ಒಡೆಯುತ್ತದೆ ಅಂತ ತಿಳಿಯಲು ಸುಲಭದ ದಾರಿ ಒಂದಿದೆ. ಕಲಿಯುವವರಿಗಾಗಿ ಮಾಡಿದ ಡಿಕ್ಷನರಿ ತೆರೆಯಿರಿ. 'ಟರ್ನ್ ಸಮ್‌ಥಿಂಗ್ ಆಫ್' ಅಂತ ನಡುವೆ ಜಾಗ ಬಿಟ್ಟಿದ್ದರೆ ಒಡೆಯುತ್ತದೆ, 'ಲುಕ್ ಆಫ್ಟರ್ ಸಮ್‌ಬಡಿ' ಅಂತ ಕೊನೆಗಿದ್ದರೆ ಇಲ್ಲ.

ಫಾರ್ಮ್ 'ಫಿಲ್ ಅಪ್' ಮಾಡೋದಾ, 'ಫಿಲ್ ಇನ್' ಮಾಡೋದಾ?

ಇಂಗ್ಲೆಂಡಿನಲ್ಲಿ 'ಫಿಲ್ ಇನ್', ಅಮೆರಿಕದಲ್ಲಿ 'ಫಿಲ್ ಔಟ್', ನಮ್ಮ ಬ್ಯಾಂಕಿನ ಕೌಂಟರಿನಲ್ಲಿ 'ಫಿಲ್ ಅಪ್'. ಕನ್ನಡದಲ್ಲಿ ಫಾರ್ಮ್ ತುಂಬುತ್ತೇವೆ, ಹಿಂದಿ, ಮರಾಠಿಯಲ್ಲೂ ತುಂಬುವುದೇ, ಅದಕ್ಕೇ ಬಿಂದಿಗೆ ತುಂಬಿದ ಹಾಗೆ 'ಅಪ್' ಬಂದುಬಿಡುತ್ತದೆ. ಟ್ಯಾಂಕಿಗೆ ಪೆಟ್ರೋಲ್ ಮಾತ್ರ ಎಲ್ಲೆಡೆಯೂ 'ಫಿಲ್ ಅಪ್'. ಇನ್ನು 'ಫಿಲ್ ಇನ್ ಫಾರ್' ಅಂದರೆ ರಜೆ ಹಾಕಿದವರ ಬದಲಿಗೆ ನಿಲ್ಲುವುದು. ನಮ್ಮ ನರ್ಸ್ ಅಕ್ಕನಿಗೆ ವಾರಕ್ಕೆರಡು ಸಲ ಬೇಕಾಗುವ ಪದ.

ನಾನು 2015ರಲ್ಲಿ 'ಪಾಸ್ ಔಟ್' ಆದೆ ಅಂದರೆ ಏನು ತಪ್ಪು?

ನಮ್ಮವರಿಗೆ ಡಿಗ್ರಿ ಮುಗಿಯಿತು ಅಂತ ತಿಳಿಯುತ್ತದೆ. ಹೊರಗಿನವರಿಗೆ ನೀವು ಪ್ರಜ್ಞೆ ತಪ್ಪಿ ಬಿದ್ದಿರಿ ಅಂತ ಕೇಳಿಸುತ್ತದೆ. 'ಗ್ರ್ಯಾಜುಯೇಟೆಡ್ ಇನ್ 2015' ಅನ್ನಿ, ಮುಗಿಯಿತು.

ಆದರೆ ಪದ ನಾವೇ ಹುಟ್ಟಿಸಿದ್ದು ಅಂತ ಬೈಯಬೇಡಿ. ಬ್ರಿಟಿಷ್ ಸೈನ್ಯದ ಮಾತಿನಲ್ಲಿ ತರಬೇತಿ ಮುಗಿಸಿ ಹೊರಬರುವುದು 'ಪಾಸ್ ಔಟ್' ಆಗುವುದೇ. ಪುಣೆಯ ಹತ್ತಿರ ಖಡಕ್‌ವಾಸ್ಲಾದಲ್ಲಿರುವ ನ್ಯಾಷನಲ್ ಡಿಫೆನ್ಸ್ ಅಕಾಡೆಮಿಯಲ್ಲಿ ಇವತ್ತಿಗೂ ನಡೆಯುವುದು 'ಪಾಸಿಂಗ್ ಔಟ್ ಪರೇಡ್'. ಅಲ್ಲಿ ಬಿಸಿಲಿಗೆ ಯಾರಾದರೂ ಕುಸಿದರೆ ಎರಡೂ ಅರ್ಥ ಒಟ್ಟಿಗೇ ಆಯಿತು.

'ವೇಕ್ ಅಪ್' ಮತ್ತು 'ಗೆಟ್ ಅಪ್'?

ಎಚ್ಚರವಾಗುವುದು 'ವೇಕ್ ಅಪ್', ಹಾಸಿಗೆಯಿಂದ ಏಳುವುದು 'ಗೆಟ್ ಅಪ್'. ನಡುವೆ ಮೊಬೈಲ್ ನೋಡುವ ಅರ್ಧ ಗಂಟೆ ಇದೆಯಲ್ಲ, ಅದೇ ವ್ಯತ್ಯಾಸ.

'ಹಾಕು' ಅನ್ನೋದಕ್ಕೆಲ್ಲ 'ಪುಟ್' ಬಳಸಬಹುದಾ?

ಬೇಡ. ನಾವು ಲೈಟ್ ಹಾಕುತ್ತೇವೆ, ಬಾಗಿಲು ಹಾಕುತ್ತೇವೆ, ಶರ್ಟ್ ಹಾಕುತ್ತೇವೆ, ದೋಸೆ ಹಾಕುತ್ತೇವೆ, ರಜೆಯನ್ನೂ ಹಾಕುತ್ತೇವೆ. ಲೈಟಿಗೆ 'ಸ್ವಿಚ್ ಆನ್' ಅಥವಾ 'ಟರ್ನ್ ಆನ್', ಬಾಗಿಲಿಗೆ 'ಕ್ಲೋಸ್' ಅಥವಾ 'ಶಟ್', ದೋಸೆಗೆ ಸುಮ್ನೆ 'ಮೇಕ್'. ಶರ್ಟಿಗೆ 'ಪುಟ್ ಆನ್', ಅದೂ ತೊಡುವ ಆ ಒಂದು ನಿಮಿಷಕ್ಕೆ. ಆಮೇಲೆ ಇಡೀ ದಿನ ಹಾಕಿಕೊಂಡಿರುವುದು 'ವೇರ್'. ತೆಗೆಯುವುದು 'ಟೇಕ್ ಆಫ್'.

ರಜೆಯ ವಿಷಯದಲ್ಲೂ ಒಂದು ಎಡವಟ್ಟು ಇದೆ. 'ಐ ಟುಕ್ ಆಫ್ ಆನ್ ಫ್ರೈಡೇ' ಅಂದರೆ ಶುಕ್ರವಾರ ನಾನು ವಿಮಾನದ ಹಾಗೆ ಹಾರಿಹೋದೆ ಅನ್ನುವ ಧಾಟಿ ಬರುತ್ತದೆ. 'ಐ ಟುಕ್ ಫ್ರೈಡೇ ಆಫ್' ಅನ್ನಿ. ದಿನ ನಡುವೆ.

'ಬ್ರೇಕ್ ಡೌನ್', 'ಬ್ರೇಕ್ ಅಪ್', 'ಬ್ರೇಕ್ ಔಟ್', 'ಬ್ರೇಕ್ ಇಂಟು'. ಎಲ್ಲದರಲ್ಲೂ ಏನು ಒಡೆಯುತ್ತೆ?

ಜುಲೈ ತಿಂಗಳ ಒಂದು ದಿನ ನೆನಪು ಮಾಡಿಕೊಳ್ಳಿ. ಮಳೆ. ಸಾಯನ್ ಹತ್ತಿರ ಬಸ್ ಕೆಟ್ಟು ನಿಂತಿತು: 'ಬ್ರೋಕ್ ಡೌನ್'. ಬಸ್ಸಿನಲ್ಲಿ ಮುಂದೆ ಕೂತ ಹುಡುಗಿ ಫೋನಿನಲ್ಲಿ ಹುಡುಗನ ಜೊತೆ ಸಂಬಂಧ ಮುರಿದುಕೊಂಡಳು: 'ಬ್ರೋಕ್ ಅಪ್'. ಮುರಿದುಕೊಂಡ ಮೇಲೆ ತಡೆಯಲಾಗದೆ ಅತ್ತುಬಿಟ್ಟಳು, ಅದೂ 'ಬ್ರೋಕ್ ಡೌನ್'. ಬಸ್ಸಿಗೂ ಮನುಷ್ಯರಿಗೂ ಅದೇ ಪದ, ನನಗಂತೂ ಸರಿಯಾಗೇ ಇದೆ ಅನಿಸುತ್ತದೆ. ಅಷ್ಟರಲ್ಲಿ ಎದುರಿನ ಗಾಲಾದಲ್ಲಿ, ಅಂದರೆ ಚಿಕ್ಕ ಕಾರ್ಖಾನೆಯ ಶೆಡ್ಡಿನಲ್ಲಿ, ಬೆಂಕಿ ಹತ್ತಿತು: 'ಎ ಫೈರ್ ಬ್ರೋಕ್ ಔಟ್'. ಬೆಂಕಿ, ಜಗಳ, ಯುದ್ಧ, ರೋಗ, ಹೀಗೆ ಬೇಡದ್ದು ಇದ್ದಕ್ಕಿದ್ದಂತೆ ಶುರುವಾಗುವುದಕ್ಕೆ ಇದು. ರಾತ್ರಿ ಮನೆಗೆ ಬಂದರೆ ಪಕ್ಕದ ಫ್ಲ್ಯಾಟಿಗೆ ಕಳ್ಳರು ನುಗ್ಗಿದ್ದರು: 'ಬ್ರೋಕ್ ಇಂಟು'. ಒಂದೇ ದಿನ ಇಷ್ಟೆಲ್ಲ ಆಗಬಾರದು, ಆದರೆ ಪದಗಳು ನೆನಪುಳಿಯುತ್ತವೆ.

'ರನ್ ಔಟ್' ಕ್ರಿಕೆಟ್ಟಿನದಲ್ವಾ? ಗ್ಯಾಸಿಗೂ ಅದೇನಾ?

ಹೌದು, ಗ್ಯಾಸ್ ಮುಗಿದರೆ 'ದ ಗ್ಯಾಸ್ ಹ್ಯಾಸ್ ರನ್ ಔಟ್'. ಮನೆಯವರ ಕಡೆಯಿಂದ ಹೇಳಿದರೆ 'ವಿ ಹ್ಯಾವ್ ರನ್ ಔಟ್ ಆಫ್ ಗ್ಯಾಸ್', ಇಲ್ಲಿ 'ಆಫ್' (of) ಬಿಡಬೇಡಿ. ಕ್ರಿಕೆಟ್ಟಿನಲ್ಲಿ ಬ್ಯಾಟ್ಸ್‌ಮನ್ ತಾನಾಗಿ ಮುಗಿಯುವುದಿಲ್ಲ, ಅವನನ್ನು ಮುಗಿಸುತ್ತಾರೆ, ಹಾಗಾಗಿ 'ಹೀ ವಾಸ್ ರನ್ ಔಟ್'.

'ಗ್ರೋ ಅಪ್' ಮತ್ತು 'ಬ್ರಿಂಗ್ ಅಪ್'?

ಬೆಳೆ ಮತ್ತು ಬೆಳೆಸು. 'ಐ ಗ್ರೂ ಅಪ್ ಇನ್ ಡೊಂಬಿವಲಿ', ನಾನು ಇಲ್ಲಿ ಬೆಳೆದೆ. 'ಮೈ ಗ್ರ್ಯಾಂಡ್‌ಮದರ್ ಬ್ರಾಟ್ ಮಿ ಅಪ್', ಅಜ್ಜಿ ಬೆಳೆಸಿದರು. ಬೆಳೆಸುವುದರ ಜೊತೆಗೆ 'ಬ್ರಿಂಗ್ ಅಪ್' ಅಂದರೆ ವಿಷಯ ಎತ್ತುವುದೂ ಹೌದು. ಊಟದ ಹೊತ್ತಿಗೆ ಆಸ್ತಿಯ ಮಾತು 'ಬ್ರಿಂಗ್ ಅಪ್' ಮಾಡುವ ಮಾವ ಎಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ.

ಇಲ್ಲದ ಬಾಲ ಅಂಟಿಸುವುದು ಅಂದರೇನು?

'ಕೋಪ್ ಅಪ್ ವಿತ್' ಅಂತ ಒಂದಿಲ್ಲ. 'ಕೋಪ್ ವಿತ್' ಅಷ್ಟೇ. 'ಕೀಪ್ ಅಪ್ ವಿತ್', 'ಪುಟ್ ಅಪ್ ವಿತ್' ಕೇಳಿ ಕೇಳಿ ಆ 'ಅಪ್' ಇಲ್ಲಿಗೂ ಹಾರಿ ಬಂದಿದೆ. ಮೂರರ ಅರ್ಥವೂ ಬೇರೆ: ಕಷ್ಟವನ್ನು ನಿಭಾಯಿಸುವುದು 'ಕೋಪ್ ವಿತ್', ಬೇರೆಯವರ ವೇಗಕ್ಕೆ ಸಮನಾಗಿ ಹೋಗುವುದು 'ಕೀಪ್ ಅಪ್ ವಿತ್', ಸಹಿಸಿಕೊಳ್ಳುವುದು 'ಪುಟ್ ಅಪ್ ವಿತ್'. 'ಡಿಸ್ಕಸ್ ಅಬೌಟ್' ಕೂಡ ಇಲ್ಲ, 'ಡಿಸ್ಕಸ್ ದ ರೆಂಟ್' ಸಾಕು. ಬಾಡಿಗೆಯ ಬಗ್ಗೆ ಅನ್ನುವ ನಮ್ಮ 'ಬಗ್ಗೆ'ಯೇ ಅಲ್ಲಿ 'ಅಬೌಟ್' ಆಗಿ ನುಸುಳುತ್ತದೆ. 'ರಿಟರ್ನ್ ಬ್ಯಾಕ್' ಅಂದರೆ ವಾಪಸ್ ಮರಳಿ ಬಾ ಅಂದ ಹಾಗೆ, ಒಂದು ಸಾಕು.

ಆಫೀಸ್ ಮೇಲ್‌ನಲ್ಲಿ ಇವನ್ನು ಬರೆಯಬಹುದಾ?

ಬರೆಯಬಹುದು. ಸಹೋದ್ಯೋಗಿಗೆ 'ಪುಟ್ ಆಫ್', ನೋಟಿಸಿಗೆ 'ಪೋಸ್ಟ್‌ಪೋನ್'. ಮಾತಿನಲ್ಲಿ 'ಲುಕ್ ಇಂಟು', ವರದಿಯಲ್ಲಿ 'ಇನ್ವೆಸ್ಟಿಗೇಟ್'. ನಾವು ಮಾತಿನಲ್ಲಿ ಹುಡುಕು ಅಂದು, ಭಾಷಣದಲ್ಲಿ ಅನ್ವೇಷಿಸು ಅನ್ನುವುದಿಲ್ಲವೇ, ಹಾಗೆ. ನಮಗೆ ಆ ಭಾರದ ಪದಗಳು ಸಂಸ್ಕೃತದಿಂದ ಬಂದವು. ಅವರಿಗೆ ಲ್ಯಾಟಿನ್‌ನಿಂದ ಮತ್ತು 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚಿನಿಂದ ಬಂದವು. 'ಪುಟ್', 'ಲುಕ್', 'ಗೆಟ್' ಎಲ್ಲ ಮನೆಯ ಪದಗಳು.

'ಲಾಗಿನ್' ಒಂದೇ ಪದವಾ, ಎರಡಾ?

ಐರೋಲಿ ಹುಡುಗರ ಪ್ರಶ್ನೆ. ಕೆಲಸ ಹೇಳುವಾಗ ಎರಡು ಪದ, ವಸ್ತು ಹೇಳುವಾಗ ಒಂದು. 'ಪ್ಲೀಸ್ ಲಾಗ್ ಇನ್', ಆದರೆ 'ಯುವರ್ ಲಾಗಿನ್'. ಬ್ಯಾಕಪ್, ಸೆಟಪ್, ಬ್ರೇಕ್‌ಡೌನ್ ಎಲ್ಲಕ್ಕೂ ಇದೇ. ಕಿವಿಗೂ ಗೊತ್ತಾಗುತ್ತದೆ: ಕೆಲಸ ಹೇಳುವಾಗ ಒತ್ತು ಬಾಲದ ಮೇಲೆ, ವಸ್ತುವಾದರೆ ಮೊದಲ ಪದದ ಮೇಲೆ.

ಇಷ್ಟನ್ನೂ ನೆನಪಿಡೋದು ಹೇಗೆ?

'ಗೆಟ್'ನ ನಲವತ್ತು ಅರ್ಥ ಅಂತ ಪಟ್ಟಿ ಹಿಡಿದು ಕೂರಬೇಡಿ, ಬೆಳಗಾಗುವಷ್ಟರಲ್ಲಿ ಎಲ್ಲ ಕಲಸಿಹೋಗುತ್ತದೆ. ಸನ್ನಿವೇಶ ಹಿಡಿಯಿರಿ. ಸ್ಟೇಷನ್ನಿಗೆ ಒಂದು ಪುಟ, ಅಡುಗೆಮನೆಗೆ ಒಂದು, ಫೋನಿಗೆ ಒಂದು. ಒಂದು ಪುಟಕ್ಕೆ ಐದಾರು ಸಾಕು, ನಿಮ್ಮದೇ ವಾಕ್ಯದಲ್ಲಿ, ನಿಮ್ಮದೇ ಸ್ಟೇಷನ್ ಹೆಸರು ಹಾಕಿ ಬರೆಯಿರಿ.

ಫೋನಿನ ಪುಟದಲ್ಲಿ ಏನು ಬರೆಯಲಿ?

'ಪಿಕ್ ಅಪ್' ಎತ್ತುವುದು, 'ಕಾಲ್ ಬ್ಯಾಕ್' ತಿರುಗಿ ಮಾಡುವುದು, 'ಕಟ್ ಆಫ್' ಆಗುವುದು ಅಂದರೆ ಕಸಾರಾ ಘಾಟಿನಲ್ಲಿ ಲೈನ್ ತಾನಾಗಿ ಹೋಗುವುದು. ನಾವೇ ಇಟ್ಟುಬಿಡುವುದು 'ಹ್ಯಾಂಗ್ ಅಪ್'. ಹಳೆಯ ಕಾಲದಲ್ಲಿ ಗೋಡೆಯ ಫೋನಿನ ಕೊಕ್ಕೆಗೆ ರಿಸೀವರ್ ನೇತುಹಾಕುತ್ತಿದ್ದರು, ಅಲ್ಲಿಂದ ಬಂದ ಮಾತು. 'ಹ್ಯಾಂಗ್ ಆನ್' ಅಥವಾ 'ಹೋಲ್ಡ್ ಆನ್' ಅಂದರೆ ಸ್ವಲ್ಪ ತಡೆಯಿರಿ.

ನಮ್ಮ ಕ್ಲಾಸಿನ ಗಲ್ಲಾದ ಅಣ್ಣನಿಗೆ ಮೊನ್ನೆ ಒಬ್ಬ ಗಿರಾಕಿಯ ಫೋನ್ ಬಂತು, ನಲವತ್ತು ಪ್ಲೇಟ್ ಇಡ್ಲಿ ವಡೆ ಬೇಕಂತೆ. ಅಡುಗೆಯವರನ್ನು ಕೇಳಿ ಬರಲು ಎದ್ದವರು ತುಂಬ ವಿನಯದಿಂದ 'ಸರ್, ಪ್ಲೀಸ್ ಹ್ಯಾಂಗ್ ಅಪ್' ಅಂದರು. ಗಿರಾಕಿ ಹ್ಯಾಂಗ್ ಅಪ್ ಮಾಡಿದರು. ನಂಬರ್ ಬರೆದಿಟ್ಟುಕೊಂಡಿರಲಿಲ್ಲ. ಹತ್ತು ನಿಮಿಷ ಬಿಟ್ಟು ಆ ಗಿರಾಕಿಯೇ ಮತ್ತೆ ಫೋನ್ ಮಾಡಿ 'ಯಾಕೆ ಸ್ವಾಮಿ, ಇಡ್ಲಿ ಕೊಡಲ್ವಾ' ಅಂತ ಕನ್ನಡದಲ್ಲೇ ಕೇಳಿದರಂತೆ.